ಕಲ್ಲಿನ ಬದಲು ಮೇಣದ ಬತ್ತಿ

ಥಾರ್ನ್‌ಬ್ರಿಗ್ ಸೇತುವೆ,
ಸಂತ ಮಾರ್ಟಿನ್ನರ ಹಬ್ಬ ಕಳೆದ ಮಂಗಳವಾರ, ೧೪೩೭

ನನ್ನ ಮುದ್ದಿನ ತಂಗಿ ಇಡೊನಿಗೆ, ಗೋಡೆಯೊಳಗಿಂದ ನಿನ್ನ ಅಕ್ಕ ಸಬೀನಾ ಹರಸಿ ಬರೆಯುವುದು.

ಸಂತ ಕ್ಯಾಥರೀನಳ ಹಬ್ಬಕ್ಕೆ ನೀನು ಮಗುವನ್ನು ಕಟ್ಟಿಕೊಂಡು ಇಲ್ಲಿಗೆ ಬರುತ್ತೀಯೆಂದು ಉಣ್ಣೆ ಹೇರುವ ಗಾಮೆಲ್ ಹೇಳಿದ. ಬರಬೇಡ. ಊರಲ್ಲಿ ಕೆಮ್ಮಿನ ಜಾಡ್ಯ ಹರಡಿದೆ, ದಾರಿಯಲ್ಲಿ ಕಳ್ಳರಿದ್ದಾರೆ, ಛತ್ರದಲ್ಲಿ ಕಾಲಿಡಲು ಜಾಗವಿಲ್ಲ, ರೊಟ್ಟಿಯಲ್ಲಿ ಬರೀ ಮರಳು.

ಈಗ ಬರೆದದ್ದೆಲ್ಲ ಸುಳ್ಳು. ಚರ್ಮದ ಹಾಳೆ ದುಬಾರಿ, ಹರಿದು ಎಸೆಯಲಾರೆ, ಹಾಗೇ ಇರಲಿ. ಇಂಥ ಸಬೂಬಿಗೆಲ್ಲ ಬಗ್ಗುವ ಹೆಂಗಸು ನೀನಲ್ಲ. ಜ್ವರ ಬಂದು ಮಗು ಮಾತು ಕಳೆದುಕೊಂಡಿದೆ, ತಾನಾಗಿಯೇ ಬಾರಿಸುವ ಗಂಟೆಯ ಕೆಳಗೆ ನಿಲ್ಲಿಸಿದರೆ ಬಾಯಿ ಬಿಡುತ್ತದೆ ಎಂದು ಸುತ್ತಲ ಊರೆಲ್ಲ ಹೇಳುತ್ತಿದೆ. ಯಾವ ತಾಯಿ ತಾನೇ ಸುಮ್ಮನೆ ಕೂತಾಳು? ಅದಕ್ಕೇ ನಿಜ ಬರೆಯುತ್ತೇನೆ. ಗಂಟೆಯನ್ನು ಸಂತಳು ಬಾರಿಸುತ್ತಿಲ್ಲ. ಸೇತುವೆ ಅಲುಗಾಡುತ್ತಿದೆ. ಅದು ಬೀಳುತ್ತದೆ ಇಡೊನಿ. ಯಾವತ್ತು ಎಂದು ಹೇಳಲಾರೆ, ಆದರೆ ಅವತ್ತು ನಿನ್ನ ಎಮ್ಮಟ್ ಅದರ ಮೇಲಿರಬಾರದು.

ಅಕ್ಕನಿಗೆ ಒಂಟಿತನದಿಂದ ತಲೆ ಕೆಟ್ಟಿದೆ ಎಂದು ನೀನು ಮೂಗು ಮುರಿಯುವ ಮೊದಲು ಕೇಳು. ಮೊದಲು ಇಲ್ಲಿ ಸೇತುವೆಯೇ ಇರಲಿಲ್ಲವಂತೆ. ಒಬ್ಬ ಸಂನ್ಯಾಸಿ ದಡದಲ್ಲಿ ಗುಡಿಸಲು ಹಾಕಿಕೊಂಡು ಜನರನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದ. ಆಮೇಲೆ ಒಬ್ಬ ಉಣ್ಣೆ ವ್ಯಾಪಾರಿ, ಹೆಂಡತಿ ಇಲ್ಲೇ ಮುಳುಗಿ ಸತ್ತ ಸಂಕಟಕ್ಕೆ, ಕಲ್ಲಿನ ಸೇತುವೆ ಕಟ್ಟಿಸಿ ಅದರ ನಡುಗಂಬದ ಮೇಲೆ ಕ್ಯಾಥರೀನಳ ಪುಟ್ಟ ಇಗರ್ಜಿ ಇಡಿಸಿದ. ಸೇತುವೆ ನೋಡಿಕೊಳ್ಳುವುದು ಗುಡಿಸಲಿನ ಸಂನ್ಯಾಸಿಯ ಕೆಲಸವಾಯಿತು. ಇಗರ್ಜಿಯ ಗೋಡೆಗೆ ಒತ್ತಿಕೊಂಡಿರುವ ಈ ಕೋಣೆ, ಲೋಕ ಬಿಟ್ಟು ಪ್ರಾರ್ಥನೆಗೆ ಕೂರುವ ಹೆಂಗಸಿಗೆ. ಬಿಷಪ್ಪರು ನನಗೆ ಸತ್ತವರ ಮಂತ್ರ ಓದಿ ಬಾಗಿಲಿಗೆ ಕಲ್ಲು ಕಟ್ಟಿಸಿದ ದಿನ ನೀನು ಬಿಕ್ಕಿ ಬಿಕ್ಕಿ ಅತ್ತೆಯಲ್ಲ, ಆಗ ಎಮ್ಮಟ್ ನಿನ್ನ ಹೊಟ್ಟೆಯಲ್ಲಿದ್ದಳು. ಅವಳ ಮುಖ ನಾನು ಕಂಡೇ ಇಲ್ಲ.

ಸೇತುವೆ ದಾಟುವವರು ಒಂದೊಂದು ಕಲ್ಲು ತರುವ ಪದ್ಧತಿ ನಿನಗೆ ಗೊತ್ತಲ್ಲ. ಮಾಡಿದ ಪಾಪವನ್ನೆಲ್ಲ ಅದರ ಮೇಲೆ ಹೇಳಿ, ನಡುಗಂಬದ ಬುಡಕ್ಕೆ, ನೀರು ಬರುವ ದಿಕ್ಕಿಗೆ ಎಸೆಯಬೇಕು. ಹಳೆಯ ಸಂನ್ಯಾಸಿ ಥರ್ಸ್ಟನ್ ಈ ವಿಷಯದಲ್ಲಿ ಯಮ. "ಕಲ್ಲೆಲ್ಲೋ? ಕೈ ಬೀಸ್ಕೊಂಡ್ ಬಂದ್ಬಿಟ್ಯಾ? ಪಾಪಾನೇ ಮಾಡ್ದಿರೋ ದೊಡ್ ಮನುಷ್ಯ! ಹೋಗ್, ಹೊಲದಿಂದ ಒಂದ್ ಎತ್ಕೊಂಡ್ ಬಾ" ಎಂದು ಸಾಹುಕಾರರನ್ನೂ ವಾಪಸು ಅಟ್ಟುತ್ತಿದ್ದ. ಅದು ಪಾಪಕ್ಕೆ ಎಂದೇ ಅವನೂ ನಂಬಿದ್ದ. ಬುಳುಂಕ್, ಬುಳುಂಕ್ ಎಂದು ಇಡೀ ದಿನ ನನ್ನ ಕಿಟಕಿಯ ಕೆಳಗೆ ಅದೇ ಸದ್ದು. ಜಪಮಣಿ ಕೈಯಲ್ಲಿ ಹಿಡಿದು ಅವನಿಗೆ ಎಷ್ಟು ಶಾಪ ಹಾಕಿದ್ದೇನೋ ದೇವರಿಗೇ ಗೊತ್ತು.

ಥರ್ಸ್ಟನ್ ತೀರಿಹೋದ. ಅವನ ಜಾಗಕ್ಕೆ ಜೋರ್ಡನ್ ಎಂಬ ಹೊಸಬ ಬಂದ. ಒಳ್ಳೆಯ ಕಂಠ, ಎಣ್ಣೆ ಹಚ್ಚಿದ ಗಡ್ಡ, ಹೆಂಗಸರೆಲ್ಲ ಬಿದ್ದು ಬಿದ್ದು ದಾನ ಕೊಡುತ್ತಾರೆ. ಇಗರ್ಜಿಯ ಪಾದ್ರಿ ರೆನಾಲ್ಡರಿಗೆ ಮೊದಲಿಂದಲೂ ಈ ಕಲ್ಲೆಸೆತ ಕಂಡರೆ ಆಗದು. "ಸಂತಳ ಕಾಲಿಗೆ ಯಾರಾದ್ರೂ ಕಲ್ಲೆಸೀತಾರೇನ್ರೋ? ನಾಚ್ಕೆ ಆಗಲ್ವಾ? ಇನ್ಮೇಲೆ ಒಂದೊಂದ್ ಮೇಣದ ಬತ್ತಿ ತನ್ನಿ" ಎಂದು ಕಟ್ಟಪ್ಪಣೆ ಮಾಡಿದರು. ಜನಕ್ಕೂ ಹಿಡಿಸಿತು, ಬತ್ತಿ ಹೊರಲು ಹಗುರ. ಅಂತೂ ಸದ್ದು ನಿಂತಿತಲ್ಲ ಎಂದು ನಾನೂ ಖುಷಿಪಟ್ಟೆ.

ನಿಂತಮೇಲೆ ಬೇರೆ ಸದ್ದು ಕೇಳತೊಡಗಿತು. ಇಷ್ಟು ವರ್ಷ ಹೊಳೆ ನನ್ನ ಎಡಕ್ಕೂ ಬಲಕ್ಕೂ ಹರಿಯುತ್ತಿತ್ತು, ಅದು ನನಗೆ ಕಿವಿಯಲ್ಲೇ ಗೊತ್ತು. ಈಗ ನೆಲದ ಕೆಳಗೂ ಹರಿಯುತ್ತಿದೆ. ಚಪ್ಪಡಿಗೆ ಕಿವಿ ಇಟ್ಟರೆ ಒಳಗೆ ನಾಯಿ ಮೂಳೆ ಕಡಿಯುವಂಥ ಸದ್ದು. ಬಟಾಣಿ ಸುಲಿಯುವಾಗ ಒಂದು ಕೈ ತಪ್ಪಿ ಬಿದ್ದರೆ ಸೀದಾ ಹೊಳೆಯ ಕಡೆಯ ಗೋಡೆಗೆ ಉರುಳುತ್ತದೆ. ಆ ಗೋಡೆಯಲ್ಲಿ ಬಿರುಕು ಬಿಟ್ಟಿದೆ. ಬೇಸಿಗೆಯಲ್ಲಿ ಅದರೊಳಗೆ ಸೂಜಿ ಹೋಗುತ್ತಿತ್ತು, ಈಗ ನನ್ನ ಅಂಗೈ ಹೋಗುತ್ತದೆ. ಆಗ ನನಗೆ ಹೊಳೆಯಿತು, ಆ ಕಲ್ಲುಗಳೇ ಕಂಬದ ಬುಡ ಕಾಯುತ್ತಿದ್ದವು ಎಂದು. ನೀರು ಸಣ್ಣ ಕಲ್ಲನ್ನು ಒಯ್ಯುತ್ತಿತ್ತು, ಜನ ಮತ್ತೆ ತಂದು ಹಾಕುತ್ತಿದ್ದರು. ಈಗ ಒಯ್ಯುವುದು ಮಾತ್ರ ನಡೆದಿದೆ.

ಮೊದಲ ಸಲ ಗಂಟೆ ತಾನಾಗಿ ಬಾರಿಸಿದ್ದು ಉಣ್ಣೆಯ ಬಂಡಿಗಳು ಸಾಲಾಗಿ ದಾಟಿದಾಗ. ಜೋರ್ಡನ್ ಮೊಣಕಾಲೂರಿ "ಪವಾಡ! ಪವಾಡ!" ಎಂದು ಕೂಗಿದ. ಅವನದು ನಾಟಕವಲ್ಲ, ನಿಜವಾಗಿಯೂ ಅಳುತ್ತಿದ್ದ. ಆಮೇಲೆ ನೋಡು ಜನಜಾತ್ರೆ! ಕುಂಟರು, ಕುರುಡರು, ಬಸಿರಿಯರು. ಜನ ಹೆಚ್ಚಾದಷ್ಟೂ ಗಂಟೆ ಹೆಚ್ಚು ಬಾರಿಸುತ್ತದೆ, ಬಾರಿಸಿದಷ್ಟೂ ಜನ ಹೆಚ್ಚುತ್ತಾರೆ.

ಪೂಜೆ ನೋಡಲು ಗೋಡೆಯಲ್ಲಿ ಒಂದು ಕಿಂಡಿ ಬಿಟ್ಟಿದ್ದಾರಲ್ಲ, ಅದರಲ್ಲೇ ಪಾದ್ರಿಗಳನ್ನು ಕರೆದು ಎಲ್ಲ ಹೇಳಿದೆ.

"ಅಮ್ಮಾ, ಉಪವಾಸ ಜಾಸ್ತಿ ಆಯ್ತೇನೋ ನಿಮ್ಗೆ. ಸ್ವಲ್ಪ ಗಂಜಿ ಕುಡೀರಿ" ಎಂದರು.

"ಗಂಜಿ ಅಲ್ಲ ಸ್ವಾಮಿ, ಒಂದ್ ಬಟಾಣಿ ತಂದು ನೆಲದ್ ಮೇಲೆ ಇಡಿ, ನೀವೇ ನೋಡಿ."

"ಬಟಾಣಿ ಉರುಳೋದ್ರಲ್ಲೂ ಸೈತಾನನ ಕೈವಾಡ ಇರುತ್ತೆ. ಪವಾಡ ನಡಿಯೋ ಕಡೆ ಅವ್ನು ಮೊದ್ಲು ಹಿಡಿಯೋದು ಪವಿತ್ರವಾದವ್ರನ್ನೇ" ಎಂದು ನನಗೇ ಸಮಾಧಾನ ಹೇಳಿ ಹೊರಟುಹೋದರು. ನನಗೆ ಮೈಯೆಲ್ಲ ಉರಿದುಹೋಯಿತು.

ಕಳೆದ ಭಾನುವಾರ ತಡೆಯಲಾಗಲಿಲ್ಲ. ಕಿಟಕಿಯ ಕಪ್ಪು ಪರದೆ ಸರಿಸಿ, ಗಂಟಲು ಹರಿಯುವಂತೆ ಕೂಗಿದೆ: "ಇಳೀರೋ! ಸೇತುವೆ ಬೀಳುತ್ತೆ! ಮಕ್ಳನ್ ಕರ್ಕೊಂಡ್ ಓಡ್ರೋ!" ಎಲ್ಲರೂ ನನ್ನ ಕಿಟಕಿಯತ್ತ ತಿರುಗಿದರು. ಅಬ್ಬ, ಕೇಳಿಸಿಕೊಂಡರು ಎಂದುಕೊಂಡೆ. ಅಷ್ಟರಲ್ಲಿ ಒಬ್ಬಳು ಮುದುಕಿ "ಸಬೀನಾ ತಾಯಿ ನಮ್ ಪಾಪಕ್ಕೆ ಎಚ್ಚರಿಕೆ ಕೊಡ್ತಿದಾಳೆ ಕಣ್ರೇ! ಮಂಡಿ ಊರ್ರಿ, ಮಂಡಿ ಊರ್ರಿ!" ಎಂದಳು. ಸೇತುವೆಯ ಈ ತುದಿಯಿಂದ ಆ ತುದಿಯವರೆಗೆ ಜನ ದಬದಬ ಮಂಡಿಯೂರಿದರು ಇಡೊನಿ. ಅಷ್ಟೂ ಭಾರ ಒಮ್ಮೆಲೇ ಬಿತ್ತು. ನನ್ನ ಬಿರುಕಿನಿಂದ ಸುಣ್ಣ ಉದುರಿತು, ಮೇಲೆ ಗಂಟೆ ಬಾರಿಸಿತು, ಕೆಳಗೆ ಎಲ್ಲರೂ ಆನಂದದಿಂದ ಅತ್ತರು. ಮರುದಿನ ಪ್ರಾಯಶ್ಚಿತ್ತಕ್ಕೆಂದು ಇನ್ನೂ ಎರಡು ಊರಿನವರು ಬಂದರು. ಅಂದಿನಿಂದ ಬಾಯಿ ಹೊಲಿದುಕೊಂಡು ಕೂತಿದ್ದೇನೆ. ನಾನು ಏನು ಹೇಳಿದರೂ ಅವರು ಅಲ್ಲಿಯೇ ಮಂಡಿಯೂರುತ್ತಾರೆ.

ನನ್ನ ಕೈಯಲ್ಲಿ ಇನ್ನೊಂದೇ ಉಪಾಯ ಉಳಿದಿದೆ. ಗೋಡೆ ಸೇರಿದ ಹೆಂಗಸು ಗೋಡೆ ಒಡೆದು ಹೊರಬಂದರೆ ಆ ಜಾಗ ಮೈಲಿಗೆ. ಬಿಷಪ್ಪರೇ ಬಂದು ಶುದ್ಧಿ ಮಾಡುವ ತನಕ ಇಗರ್ಜಿಗೆ ಬೀಗ. ಪೂಜೆಯಿಲ್ಲ, ಗಂಟೆಯಿಲ್ಲ, ಮೆರವಣಿಗೆಯಿಲ್ಲ. ಬಿಷಪ್ಪರು ಚಳಿಗಾಲದಲ್ಲಿ ಬೆಟ್ಟ ದಾಟುವವರಲ್ಲ. ಒಲೆ ಕೆದಕುವ ಕಬ್ಬಿಣದ ಸಲಾಕೆಯಿಂದ ಬಾಗಿಲಿನ ಗಾರೆ ಕೆರೆಯತೊಡಗಿದ್ದೇನೆ. ಸಂತೆಯ ದಿನ, ಹಾಡಹಗಲಲ್ಲಿ, ಎಲ್ಲರ ಕಣ್ಣೆದುರಿಗೇ ಬರುತ್ತೇನೆ. ಆಮೇಲೆ ನನಗೆ ಬಹಿಷ್ಕಾರ ಹಾಕುತ್ತಾರೆ, ಸತ್ತರೆ ಮಣ್ಣಿಗೂ ಜಾಗವಿರುವುದಿಲ್ಲ. ಜೋರ್ಡನ್‌ನ ಗಡ್ಡಕ್ಕೆ ಮರುಳಾಗಿ ಓಡಿಹೋದಳು ಎನ್ನುತ್ತಾರೆ. ಅನ್ನಲಿ. ನಾಲ್ಕು ಜನರ ಮುಂದೆ ನೀನೂ ನನ್ನ ಹೆಸರಿಗೆ ಥೂ ಎಂದು ಉಗಿ. ಮನೆಗೆ ಹೋಗಿ ಅಳು, ಬೇಡ ಎನ್ನುವುದಿಲ್ಲ.

ನನಗೆ ಭಯವಾಗುತ್ತಿದೆ ತಂಗೀ. ದೇವರ ಮೇಲೆ ಆಣೆಯಿಟ್ಟು ಬಂದವಳು ನಾನು. ಆ ಆಣೆ ಮುರಿದು ನರಕಕ್ಕೆ ಹೋದರೆ ಅಲ್ಲಿ ನನ್ನ ಕೈ ಹಿಡಿಯುವವರಾರು? ಆದರೂ ಎಮ್ಮಟ್ ಹೊಳೆಗೆ ಬಿದ್ದಳೆಂದು ಕೇಳಿಕೊಂಡು ಸ್ವರ್ಗದಲ್ಲಿ ಕೂರಲು ನನ್ನಿಂದಾಗದು. ಹಬ್ಬದ ಕಡುಬು ಮನೆಯಲ್ಲೇ ಮಾಡಿ ತಿನ್ನಿಸು. ಮಾತಾಡದಿದ್ದರೂ ಮಗು ಮಗುವೇ.

ನಿನ್ನ ಅಕ್ಕ,
ಸಬೀನಾ

ಮತ್ತೆ ಸೇರಿಸಿದ್ದು: ಶನಿವಾರ ಬರೆಯುತ್ತಿದ್ದೇನೆ, ಹೊಳೆಯ ಆಚೆ ದಡದಲ್ಲಿ, ನಿಮ್ಮೂರಿನ ಕಡೆ, ಗಾಮೆಲ್‌ನ ಹೇಸರಗತ್ತೆಯ ಬೆನ್ನ ಮೇಲೆ ಹಾಳೆಯಿಟ್ಟು. ನಿನ್ನೆ ಸಂತೆಯಲ್ಲಿ ಹೊರಬಂದೆ. ಬಾಗಿಲ ಕಲ್ಲು ತಳ್ಳಿದ ಹೊತ್ತಿಗೇ ಬಂಡಿ ದಾಟಿ ಗಂಟೆ ಬಾರಿಸಬೇಕೇ? ಸಂತಳೇ ಕಲ್ಲು ಉರುಳಿಸಿ ನನ್ನನ್ನು ಬಿಡಿಸಿದಳು ಎಂದು ಕೂಗಿಬಿಟ್ಟರು. ಪಾದ್ರಿಗಳು ಬೀಗ ಹಾಕಲಿಲ್ಲ, ಇಗರ್ಜಿಗೆ ಇದ್ದ ಬಾಗಿಲನ್ನೂ ಕಿತ್ತು ಅಗಲ ಮಾಡಿಸಿದರು. ಜೋರ್ಡನ್ ನನ್ನ ಮುಸುಕನ್ನು ಚೂರು ಚೂರು ಕತ್ತರಿಸಿ ಹಂಚಿದ. ನಾನೇ ಸಲಾಕೆಯಿಂದ ಒಡೆದೆನೆಂದು ಎದೆ ಬಡಿದುಕೊಂಡು ಹೇಳಿದರೆ, "ನೋಡ್ರೋ, ಎಷ್ಟ್ ವಿನಯ!" ಎನ್ನುತ್ತಾರೆ.

ನೀನು ಗುರುವಾರವೇ ಮಗುವಿನೊಂದಿಗೆ ಹೊರಟೆಯಂತೆ, ಗಾಮೆಲ್ ಈಗ ಹೇಳಿದ. ಮೇಲಿನ ದಾರಿಯೋ ಕೆಳಗಿನ ದಾರಿಯೋ ಅವನಿಗೆ ಗೊತ್ತಿಲ್ಲ. ಅವನು ಈ ಕಾಗದ ಹಿಡಿದು ಮೇಲಿನ ದಾರಿಯಲ್ಲಿ ಬರುತ್ತಾನೆ. ಎಲ್ಲಿ ಓದಿದೆಯೋ ಅಲ್ಲಿಂದಲೇ ತಿರುಗಿ ಹೋಗು. ಒಂದು ವೇಳೆ ಕೆಳಗಿನ ದಾರಿಯಲ್ಲಿ ಬಂದರೆ ಎಂದು ನಾನು ಸೇತುವೆಯ ಈ ಕೊನೆಯಲ್ಲೇ ನಿಂತಿರುತ್ತೇನೆ. ಜನ ನನ್ನ ನಿಲುವಂಗಿಯ ಅಂಚು ಮುಟ್ಟಿ, ಕಣ್ಣಿಗೊತ್ತಿಕೊಂಡು, ನನ್ನನ್ನು ದಾಟಿ ಸೇತುವೆ ಹತ್ತುತ್ತಿದ್ದಾರೆ. ಎಲ್ಲರ ಕಂಕುಳಲ್ಲೂ ಮಕ್ಕಳು. ಈ ನೂಕುನುಗ್ಗಲಲ್ಲಿ ನೀನು ಕಣ್ತಪ್ಪಬಹುದು, ಎಮ್ಮಟ್‌ಳ ಮುಖವೋ ನನಗೆ ಗೊತ್ತಿಲ್ಲವಲ್ಲ, ಅದಕ್ಕೆ ಪ್ರತಿಯೊಂದು ಮಗುವಿಗೂ ನಿನ್ನ ಹೆಸರೇನು ಪುಟ್ಟಾ ಎಂದು ಕೇಳುತ್ತಿದ್ದೇನೆ. ಹೆಸರು ಹೇಳುವ ಮಕ್ಕಳನ್ನೂ ತಡೆಯಲು ನೋಡುತ್ತೇನೆ, ತಾಯಂದಿರು ನಕ್ಕು ಕೈ ಬಿಡಿಸಿಕೊಂಡು ಹೋಗುತ್ತಾರೆ. ಉತ್ತರ ಕೊಡದ ಮಗುವನ್ನು ಮಾತ್ರ ನಾನು ಬಿಡುವುದಿಲ್ಲ, ನೀನೇ ಬಂದು ನನ್ನ ಕೈ ಮುರಿದರೂ.