ನಾಲ್ಕನೆಯ ಷರತ್ತಿನ ಮೇಲೆ ಹೆಬ್ಬೆರಳು

ಜಾಮೀನು ಆದೇಶದ ನಮೂನೆಯನ್ನು ಅಚ್ಚು ಹಾಕಿಸುವ ಮಾನ್ಯ ಅಧಿಕಾರಿಗಳೇ,

ನಿಮ್ಮ ನಮೂನೆಯಲ್ಲಿ ಏಳು ಷರತ್ತುಗಳಿವೆ. ನಾಲ್ಕನೆಯದು, ‘ಆರೋಪಿಯು ದೂರುದಾರರ ಸಮೀಪ ಸುಳಿಯತಕ್ಕದ್ದಲ್ಲ.’ ಐದನೆಯದು, ‘ಆರೋಪಿಯು ವಿಚಾರಣೆ ಮುಗಿಯುವವರೆಗೆ ತನ್ನ ಖಾಯಂ ವಿಳಾಸದಲ್ಲಿಯೇ ವಾಸಿಸತಕ್ಕದ್ದು.’ ಹೆಂಡತಿಯನ್ನು ಹೊಡೆದು ಒಳಗೆ ಹೋದವನ ಖಾಯಂ ವಿಳಾಸ ಯಾವುದು ಸ್ವಾಮಿ? ಆ ಹೆಂಡತಿ ಇರುವ ಮನೆಯೇ ಅಲ್ಲವೇ? ನಾಲ್ಕನ್ನು ಪಾಲಿಸಿದರೆ ಐದು ಮುರಿಯುತ್ತದೆ, ಐದನ್ನು ಪಾಲಿಸಿದರೆ ಅವಳ ಕೈ ಮುರಿಯುತ್ತದೆ. ನಮ್ಮ ಬಡಾವಣೆಯಲ್ಲಿ ಮುರಿದದ್ದು ಕೈ.

ನಾನು ಬೀಗ ರಿಪೇರಿ ಮಾಡುವವನು. ಬಸ್ ನಿಲ್ದಾಣದ ಎದುರು, ಮೆಡಿಕಲ್ ಶಾಪಿನ ಪಕ್ಕ, ಎರಡು ಮೊಳ ಅಗಲದ ಅಂಗಡಿ. ನಮ್ಮ ಕಸುಬಿಗೆ ಅಚ್ಚಾದ ನಮೂನೆ ಇಲ್ಲ, ಒಂದೇ ಒಂದು ನಿಯಮವಿದೆ: ಯಾರೇ ಬಂದು ‘ನನ್ನ ಮನೆ, ಬೀಗ ತೆಗೆದುಕೊಡಿ’ ಅಂದರೂ ಮೊದಲು ಪಕ್ಕದ ಮನೆಯವರನ್ನು ಕೇಳಬೇಕು. ಅಪ್ಪ ಹೇಳಿಕೊಟ್ಟ ಈ ನಿಯಮವನ್ನು ಮೂವತ್ತೊಂದು ವರ್ಷ ಮೀರಿರಲಿಲ್ಲ. ಮೀರಿದ್ದು ಒಂದೇ ಸಲ, ಅದೂ ನಿಮ್ಮ ಮೊಹರನ್ನು ನಂಬಿ.

ಕಳೆದ ತಿಂಗಳು ಒಂದು ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಇಸ್ತ್ರಿ ಹಾಕಿದ ಅಂಗಿ ತೊಟ್ಟವನೊಬ್ಬ ಬಂದ. ಹೆಂಡತಿ ಕೀ ತೆಗೆದುಕೊಂಡು ತವರಿಗೆ ಹೋಗಿದ್ದಾಳೆ ಅಂದ. ಹೋಗಿ ನೋಡಿದರೆ ಬಾಗಿಲಿಗೇ ಕೂರಿಸಿದ ಬೀಗ, ಹೊಚ್ಚ ಹೊಸದು, ಒಂದು ಗೀರೂ ಬಿದ್ದಿರಲಿಲ್ಲ.

“ಸಾರ್, ಪಕ್ಕದ ಮನೇಲಿ ಒಂದು ಮಾತು ಕೇಳಿಬಿಡ್ತೀನಿ” ಅಂದೆ.

“ಅವರನ್ನೇನು ಕೇಳ್ತೀರಿ? ಕೋರ್ಟೇ ಹೇಳಿದೆ, ಓದ್ಕೊಳ್ಳಿ” ಅಂತ ಕಾಗದ ಹಿಡಿದ.

ಓದಿದೆ. ಐದನೆಯ ಷರತ್ತು ಸ್ಪಷ್ಟವಾಗಿತ್ತು, ಕೆಳಗೆ ನೀಲಿ ಮೊಹರು. ನಾಲ್ಕನೆಯದರ ಮೇಲೆ ಅವನ ಹೆಬ್ಬೆರಳಿತ್ತು. ಬೆರಳು ತೆಗೆಯಿರಿ ಅನ್ನಬೇಕೆಂದು ನನಗೆ ತೋಚಲಿಲ್ಲ. ಇಷ್ಟು ದೊಡ್ಡ ಕಚೇರಿ ಒಬ್ಬನನ್ನು ‘ಇಲ್ಲಿಯೇ ಇರು’ ಎಂದು ಕಳಿಸಿರುವಾಗ ಬೀಗದವನದು ಏನು ತಕರಾರು?

ನಾನು ಬೀಗ ತೆಗೆಯುತ್ತಿರುವಾಗಲೇ ನ್ಯಾಯಾಲಯದ ಜವಾನ ಸೈಕಲ್ ಮೇಲೆ ಬಂದ. ‘ನಿಮ್ಮ ಪತಿಗೆ ಜಾಮೀನು ದೊರೆತಿದೆ, ಎಚ್ಚರದಿಂದಿರಿ’ ಎಂದು ಹೆಂಡತಿಗೆ ತಿಳಿಸುವ ಪತ್ರ ಅವನ ಕೈಯಲ್ಲಿತ್ತು. ಒಳಗಿನ ಒಕ್ಕಣೆ ನನಗೆ ತಿಳಿದದ್ದು ಆಮೇಲೆ. ಜವಾನ ಕೇಳಿದ್ದು ಇಷ್ಟೇ: “ಮನೆಯವರು ಯಾರ್ರೀ?”

“ನಾನೇ” ಅಂದ ಅವನು.

ಮನೆಯವರು! ಕನ್ನಡದಲ್ಲಿ ಗಂಡನಿಗೂ ಅದೇ ಮಾತು, ಮನೆಯಲ್ಲಿರುವ ಯಾರಿಗಾದರೂ ಅದೇ ಮಾತು. ಜವಾನನ ಪೆನ್ನು ಬರೆಯಲಿಲ್ಲ, ನಾನೇ ನನ್ನದನ್ನು ಕೊಟ್ಟೆ. ಹೀಗೆ ತೋಳ ಬಿಡುಗಡೆಯಾಗಿದೆ ಎಂಬ ಎಚ್ಚರಿಕೆಯನ್ನು ಕುರಿಯ ಪರವಾಗಿ ತೋಳವೇ ಸಹಿ ಹಾಕಿ ಪಡೆದುಕೊಂಡಿತು. ನಿಮ್ಮ ಕಡತದಲ್ಲಿ ಇವತ್ತಿಗೂ ‘ಸಂತ್ರಸ್ತೆಗೆ ಮಾಹಿತಿ ತಲುಪಿದೆ’ ಎಂದಿದೆ. ಕಡತ ಅಚ್ಚುಕಟ್ಟಾಗಿದೆ, ಅಭಿನಂದನೆಗಳು.

ಆಕೆ ತವರಿಗೇನೂ ಹೋಗಿರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಆಕೆಗೆ, ಎಲ್ಲರೂ ಲ್ಯಾಬ್ ಮೇಡಂ ಅನ್ನುತ್ತಾರೆ. ಸಂಜೆ ಆರಕ್ಕೆ ಬಂದು ತನ್ನ ಕೀಯಿಂದ ಬಾಗಿಲು ತೆಗೆದರೆ ಗಂಡ ಕುರ್ಚಿಯ ಮೇಲೆ ಕೂತಿದ್ದ. “ಬಾ, ಕೋರ್ಟೇ ಕಳಿಸಿಕೊಟ್ಟಿದೆ ನನ್ನ” ಅಂದನಂತೆ. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಮಕ್ಕಳಿಗೆ ನೋವಾಗದಂತೆ ನರ ಹುಡುಕುವ ಕೈ ಅದು.

ಹತ್ತು ದಿನ ಕಳೆದು ಆಕೆ ನನ್ನ ಅಂಗಡಿಗೆ ಬಂದಳು, ಕೈಗೆ ಪ್ಲಾಸ್ಟರ್. ನಾಲ್ಕು ಜನರ ಮುಂದೆ ಉಗಿಯುತ್ತಾಳೆ, ಉಗಿಯಲಿ ಅಂದುಕೊಂಡು ಎದ್ದು ನಿಂತೆ. ಆಕೆ ಕೇಳಿದ್ದೇ ಬೇರೆ.

“ಅಣ್ಣಾ, ನೀವೂ ತೆಗೆಯೋಕಾಗದ ಬೀಗ ಏನಾದ್ರೂ ಇದ್ಯಾ?”

“ಇಲ್ಲಮ್ಮಾ” ಅಂದೆ. ಹಾಗೆ ಹೇಳುವಾಗ ಆದಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಜಾಮೀನೇ ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ. ನನ್ನ ಸೋದರಮಾವನ ಮಗ ಮಾಡದ ಕಳ್ಳತನಕ್ಕೆ, ಹೊಣೆ ನಿಲ್ಲುವವರು ಸಿಗದೆ, ಹನ್ನೊಂದು ತಿಂಗಳು ಒಳಗೆ ಕೊಳೆತ. ಅವನು ಹೊರಗೆ ಬಂದರೆ ಯಾರಿಗೂ ಅಪಾಯವಿರಲಿಲ್ಲ, ಆದರೂ ಬಿಡಲಿಲ್ಲ. ಇವನನ್ನು ಆರೇ ದಿನಕ್ಕೆ ಬಿಟ್ಟಿರಿ, ಬಿಡುವಾಗ ‘ಇವನು ಯಾರ ಮನೆಗೆ ಹೋಗುತ್ತಾನೆ’ ಎಂದು ಒಬ್ಬರೂ ಕೇಳಲಿಲ್ಲ. ಬೀದಿಯಲ್ಲಿ ಜೇಬು ಕತ್ತರಿಸಿದವನಿಗೆ ‘ಆ ಬೀದಿಗೆ ಕಾಲಿಡಬೇಡ’ ಎನ್ನುತ್ತೀರಿ. ಮನೆಯೊಳಗೆ ಕೈ ಎತ್ತಿದವನಿಗೆ ಅದೇ ಮನೆ ಬಿಟ್ಟು ಕದಲಬೇಡ ಎಂದು ಕಟ್ಟಪ್ಪಣೆಯೇ?

ಈಗ ಆ ಗಂಡ ಮತ್ತೆ ಜೈಲಿನಲ್ಲಿದ್ದಾನೆ. ಮುಂದಿನ ಗುರುವಾರ ಮತ್ತೆ ಜಾಮೀನು ಅರ್ಜಿ, ಮತ್ತೆ ಅದೇ ನಮೂನೆ. ಇದನ್ನು ಹೇಳಲು ನಿಮ್ಮ ಕಚೇರಿಗೂ ಬಂದಿದ್ದೆ. ಗುಮಾಸ್ತರು ಸಜ್ಜನರು, ಕೂರಿಸಿ ಮಾತಾಡಿದರು. “ನಮೂನೆ ಈಗ ಬದಲಾಯಿಸೋಕಾಗಲ್ಲ ಯಜಮಾನ್ರೇ, ಪ್ರಿಂಟ್ ಆಗಿಹೋಗಿದೆ. ಇನ್ನೂ ಎರಡು ಬೀರು ತುಂಬ ಇದೆ” ಅಂದರು. ಸರಿಯೇ. ಮೂಳೆಯಾದರೆ ಆರು ವಾರದಲ್ಲಿ ಕೂಡಿಕೊಳ್ಳುತ್ತದೆ, ಅಚ್ಚಾದ ಕಾಗದ ದಂಡವಾದರೆ ಯಾರು ಉತ್ತರ ಹೇಳುವುದು? ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರೆ. ನೀವು ಅದನ್ನೂ ಹಾಕಲೊಲ್ಲಿರಿ.

ಕಾಗದ ದಂಡವಾಗುವುದು ಬೇಡ. ಒಂದು ಪೆನ್ನು ಸಾಕು. ಗುರುವಾರದೊಳಗೆ ಐದನೆಯ ಷರತ್ತಿನ ಮೇಲೆ ಗೀಟು ಎಳೆಸಿ, ‘ದೂರುದಾರರು ವಾಸಿಸದ ವಿಳಾಸದಲ್ಲಿ’ ಎಂದು ಬರೆಸಿ. ಅವನನ್ನು ಬಿಡುವುದೇ ಆದರೆ, ಅವನು ಗೇಟು ದಾಟುವ ಮೊದಲು ಆಕೆಗೆ ತಿಳಿಸಿ; ಲ್ಯಾಬಿಗೆ ಹೋಗಿ, ಆಕೆಯ ಕೈಗೇ ಪತ್ರ ಕೊಡಿ. ಬಲಗೈ ಪ್ಲಾಸ್ಟರಿನಲ್ಲಿದೆ, ಎಡಗೈಯಲ್ಲಿ ಹಾಕಿದ ಸಹಿಯನ್ನು ದಯವಿಟ್ಟು ತಿರಸ್ಕರಿಸಬೇಡಿ.

ಇಂತಿ,
ನಿಮ್ಮ ಆದೇಶವನ್ನು ಚಾಚೂ ತಪ್ಪದೆ ಜಾರಿಗೊಳಿಸಿದ,
ಬೀಗ ತೆಗೆಯುವವನು