ನೆಲ ಡೊಂಕಿರಲಿಲ್ಲ

ಮಾರ್ಚ್ ೪, ಸೋಮವಾರ

ಲ್ಯಾಬ್ ತೆರೆದದ್ದು ಎಂದಿನಂತೆ. ಕಂಪ್ಯೂಟರ್ ಬಟನ್ ಒತ್ತಿ, ಕೌಂಟರ್ ಒರೆಸಿ, ನೀರಿನ ಬಾಟಲಿ ತುಂಬಿಸಿಕೊಂಡು ಬಂದರೂ ತೆರೆ ಇನ್ನೂ ನೀಲಿ. ಅದು ಏಳುವಷ್ಟರಲ್ಲಿ ಪತ್ರಿಕೆಯ ಮುಖಪುಟ ಓದಿ ಮುಗಿದಿತ್ತು.

ಸಂಜೆ ರಕ್ತ ಪರೀಕ್ಷೆಯ ರಿಪೋರ್ಟಿಗೆ ಉದ್ದ ಸಾಲು. ಬಲಗೈ ಇಂದು ಹೆಚ್ಚು ನಡುಗಿತು. ಒಂದು ಅಂಕಿ ಒತ್ತಿದರೆ ಎರಡು ಬೀಳುತ್ತದೆ. ಅಳಿಸಿ ಮತ್ತೆ ಒತ್ತಬೇಕು. ಎಡಗೈಯಿಂದ ಬಲ ಮಣಿಕಟ್ಟು ಹಿಡಿದುಕೊಂಡರೆ ಸ್ವಲ್ಪ ವಾಸಿ. ತೆರೆಯ ಮೇಲೆ ಚಕ್ರ ಗಿರಕಿ ಹೊಡೆಯುವಾಗ ಅಷ್ಟಕ್ಕೆ ಸಮಯ ಸಿಗುತ್ತದೆ. ಜನ ಚಕ್ರ ನೋಡುತ್ತಾರೆ, ಕೈ ನೋಡುವುದಿಲ್ಲ.

ಸಕ್ಕರೆ ಪರೀಕ್ಷೆಗೆ ತಪ್ಪದೇ ಬರುವ ನಿವೃತ್ತ ಮೇಷ್ಟ್ರು: “ಏನಪ್ಪಾ, ನಿನ್ನ ಕಂಪ್ಯೂಟರಿಗೂ ಮಂಡಿನೋವಾ?”

“ವಯಸ್ಸಾಯ್ತಲ್ಲ ಮೇಷ್ಟ್ರೇ. ಮೇಡಂ ಹೊಸದು ತರಿಸ್ತಾರಂತೆ.”

ಮೇಡಂ ಹಾಗೆ ಹೇಳಿಲ್ಲ.

ಮಾರ್ಚ್ ೭, ಗುರುವಾರ

ಮೇಡಂ ಕರೆದರು. ಲ್ಯಾಬ್ ಅವರದೇ, ರಿಪೋರ್ಟಿಗೆ ಸಹಿಯೂ ಅವರದೇ. ರಿಪೋರ್ಟ್ ತಡವಾಗುತ್ತಿದೆ, ಜನ ರಸ್ತೆಯಾಚೆಯ ಲ್ಯಾಬಿಗೆ ಹೋಗುತ್ತಿದ್ದಾರೆ ಎಂದರು. “ಒಂದೋ ಮಿಷಿನ್ನು ಬದಲಾಗಬೇಕು, ಇಲ್ಲಾಂದ್ರೆ…” ಮುಗಿಸಲಿಲ್ಲ.

“ಮಿಷಿನ್ನೇ ಮೇಡಂ” ಅಂದೆ. ಎಷ್ಟು ಬೇಗ ಅಂದೆ!

ಸೂಜಿಯಕ್ಕ ಕೇಳಿಸಿಕೊಂಡಳು. ರಕ್ತ ತೆಗೆಯುವ ಟೆಕ್ನಿಷಿಯನ್. ನನಗಿಂತ ಚಿಕ್ಕವಳು, ರಕ್ತ ಕೊಡಲು ಬರುವ ಮಕ್ಕಳು ಇಟ್ಟ ಹೆಸರು ಎಲ್ಲರ ಬಾಯಲ್ಲೂ ನಿಂತಿದೆ.

“ಹೊಸದ್ಯಾಕೆ ಮೇಡಂ? ನಮ್ಮನೇದು ಇದಕ್ಕಿಂತ ಹಳೇದು. ಸೆಟ್ಟಿಂಗ್ಸ್ ಬದಲಾಯಿಸಿದ್ಮೇಲೆ ಚೆನ್ನಾಗಿ ಓಡ್ತಿದೆ. ನಾಳೆ ನಾನೇ ನೋಡ್ತೀನಿ.”

“ನಿಂಗ್ಯಾಕಮ್ಮ ಆ ತಲೆನೋವು?” ಅಂದೆ.

“ನಿಮ್ಮ ತಲೆನೋವು ಕಳೀಲಿ ಅಂತಾನೇ ಅಣ್ಣ.”

ಮಾರ್ಚ್ ೮, ಶುಕ್ರವಾರ

ಊಟದ ಹೊತ್ತಿನಲ್ಲಿ ಮಾಡಿದಳು. ಪಕ್ಕದಲ್ಲಿ ಕೂತು ನೋಡಿದೆ.

ಕಂಪ್ಯೂಟರ್ ಏಳುವಾಗ ತಾವೂ ಏಳುವ ಪ್ರೋಗ್ರಾಂಗಳ ಪಟ್ಟಿ ತೆರೆದಳು. ಸ್ಕ್ಯಾನರಿನದು, ವಿಡಿಯೋ ಕರೆಯದು, ಹಾಡಿನದು, ಎಂದೋ ಗುಜರಿಗೆ ಹೋದ ಪ್ರಿಂಟರಿನದು ಕೂಡ.

“ನೋಡಿ ಅಣ್ಣ, ನೀವು ಬಾಗಿಲು ತೆಗೆಯೋಕೆ ಮುಂಚೆನೇ ಇಷ್ಟು ಜನ ಒಳಗೆ ಕೂತಿರ್ತಾರೆ. ಕರೆಯದೇ ಬಂದ ನೆಂಟರು. ಎದ್ದು ಹೋಗಿ ಅನ್ನೋರು ಯಾರೂ ಇಲ್ಲ.”

ಒಂದೊಂದಾಗಿ ಡಿಸೇಬಲ್ ಮಾಡಿದಳು. ಮೆಲ್ಲಗೆ ಜಾರಿ ತೆರೆದುಕೊಳ್ಳುವ ಅನಿಮೇಷನ್ ಆಫ್. ಪವರ್ ಸೇವರಿನಲ್ಲಿದ್ದುದನ್ನು ಪೂರ್ತಿ ವೇಗಕ್ಕೆ ತಂದಳು. ಬೇಡದ ಫೈಲು ಅಳಿಸಿದಳು. ರೀಸ್ಟಾರ್ಟ್.

ನೀರು ತುಂಬಿಸಲು ಎದ್ದವನು ಬಾಗಿಲು ದಾಟುವ ಮೊದಲೇ ತೆರೆ ಸಿದ್ಧ. ಅವಳು ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ. ಚಪ್ಪಾಳೆ ತಟ್ಟುವಾಗ ನಡುಕ ಕಾಣುವುದಿಲ್ಲ.

ಮಾರ್ಚ್ ೧೧, ಸೋಮವಾರ

ಕಂಪ್ಯೂಟರ್ ಈಗ ನನ್ನನ್ನು ಕಾಯಿಸುವುದಿಲ್ಲ. ನಾನು ಅದನ್ನು ಕಾಯಿಸುತ್ತೇನೆ. ಬೆರಳು ತಪ್ಪಿದ್ದೆಲ್ಲ ತಕ್ಷಣ ದಾಖಲು.

ಒಬ್ಬ ಹೆಂಗಸಿನ ಹಿಮೋಗ್ಲೋಬಿನ್ ೧೧.೨ ಇದ್ದದ್ದು ೧೧೧.೨ ಆಯಿತು. ಸಹಿಗೆ ಹೋಗುವ ಮೊದಲು ಸೂಜಿಯಕ್ಕನ ಕಣ್ಣಿಗೆ ಬಿತ್ತು. “ಅಣ್ಣ, ಇಷ್ಟು ಆನೆಗೂ ಇರಲ್ಲ!” ನಕ್ಕಳು. ನಾನೂ ನಕ್ಕೆ. ನಗುವ ಸಂಗತಿಯಲ್ಲ.

ಮೇಷ್ಟ್ರು ಬಗ್ಗಿ ತೆರೆ ನೋಡಿದರು. “ಈಗ ಕುದುರೆ ಹಾಗೆ ಓಡ್ತಿದೆಯಲ್ಲಪ್ಪ. ಮತ್ತೆ ಇನ್ನೂ ಯಾಕೆ ತಡ?”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಲ ಈಗ ಸಮ.

ಈ ಕೌಂಟರ್ ಹೋದರೆ ಈ ವಯಸ್ಸಿನಲ್ಲಿ ಇನ್ನೊಂದು ಕಡೆ ಯಾರು ಕೂರಿಸುತ್ತಾರೆ? ಅದೂ ಈ ಕೈ ನೋಡಿ?

ಮಾರ್ಚ್ ೧೨, ಬೆಳಿಗ್ಗೆ

ಯಾರೂ ಬರುವ ಮೊದಲು ಆ ಪಟ್ಟಿ ತೆರೆದೆ. ಅವಳನ್ನು ನೋಡಿ ಕಲಿತಿದ್ದೆ. ಎಲ್ಲವನ್ನೂ ಮತ್ತೆ ಎನೇಬಲ್ ಮಾಡಿದೆ. ಅನಿಮೇಷನ್ ಆನ್. ಪವರ್ ಸೇವರ್.

ಈ ಕೆಲಸಕ್ಕೆ ಮಾತ್ರ ಕೈ ನಡುಗಲಿಲ್ಲ ಎಂದು ಬರೆದರೆ ಓದಲು ಚೆನ್ನ. ನಡುಗಿತು. ಇಷ್ಟೇ ಸಂಗತಿ.

ಮಾರ್ಚ್ ೧೫, ಶುಕ್ರವಾರ

ಚಕ್ರ ಮರಳಿ ಬಂದಿದೆ. ಮೂರು ದಿನ ನೆಮ್ಮದಿಯಾಗಿದ್ದೆ. ಆ ನೆಮ್ಮದಿಯನ್ನೂ ಬರೆದಿಡಬೇಕು.

ಇಂದು ಸಂಜೆ, ಸಾಲು ಬಾಗಿಲಾಚೆಗೂ ಬೆಳೆದಿದ್ದಾಗ, ಕಂಪ್ಯೂಟರ್ ಪೂರ್ತಿ ನಿಂತಿತು. ಮೇಡಂ ಹೊರಗೆ ಬಂದರು. ಎಲ್ಲರ ಎದುರೇ ಸೂಜಿಯಕ್ಕನಿಗೆ:

“ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬಾರದಮ್ಮ. ಇದ್ದದ್ದೂ ಕೆಡ್ತು. ಹೊಸ ಶಾಖೆ ನಿನ್ನ ಕೈಗೆ ಕೊಡೋಣ ಅಂತಿದ್ದೆ… ನೋಡೋಣ. ಸದ್ಯಕ್ಕೆ ನೀನು ಸೂಜಿ, ಸಿರಿಂಜು ಅಷ್ಟೇ ನೋಡ್ಕೋ.”

“ಸರಿ ಹೋಗಿತ್ತು ಮೇಡಂ, ನಾನೇ ನೋಡಿದ್ದೆ…” ಎಂದಳು. ಸಾಲಿನಲ್ಲಿ ಯಾರೋ ನಕ್ಕರು. ಅವಳು ಸಿರಿಂಜಿನ ಟ್ರೇ ಎತ್ತಿಕೊಂಡು ಒಳಗೆ ಹೋದಳು.

ನಾನು ಅಲ್ಲೇ ಇದ್ದೆ. ಪ್ರಿಂಟರಿನ ಟ್ರೇಗೆ ಹಾಳೆ ತುಂಬುತ್ತಿದ್ದೆ. ಟ್ರೇ ಮೊದಲೇ ತುಂಬಿತ್ತು.

ಜನ ಕರಗಿದ ಮೇಲೆ ಅವಳೇ ಕೌಂಟರಿಗೆ ಬಂದಳು. “ಸಾರಿ ಅಣ್ಣ. ಎಲ್ಲಿ ತಪ್ಪಿದೆನೋ ಗೊತ್ತಾಗ್ತಿಲ್ಲ. ನನ್ನಿಂದ ಜನರ ಬಾಯಿಗೆ ನೀವು ಬಿದ್ರಿ.”

“ಪರವಾಗಿಲ್ಲ ಬಿಡು” ಅಂದೆ.

ಪರವಾಗಿಲ್ಲ ಅಂದೆ! ನಾನು ಅವಳನ್ನು ಕ್ಷಮಿಸಿದೆ.

ಮಾರ್ಚ್ ೧೮, ಸೋಮವಾರ, ರಾತ್ರಿ

ಎರಡು ದಿನ ಪುಸ್ತಕ ಮುಟ್ಟಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಬೇಗ ಹೋಗಿ ಎಲ್ಲವನ್ನೂ ಅವಳು ಇಟ್ಟಂತೆಯೇ ಇಟ್ಟೆ. ಅವಳು ಬಂದಳು, ತೆರೆ ನೋಡಿದಳು, ಮುಖ ಅರಳಿತು. “ಅಯ್ಯೋ, ತಾನಾಗೇ ಸರಿಹೋಯ್ತಾ?”

“ಇಲ್ಲ. ಮಂಗಳವಾರ ಎಲ್ಲ ಮತ್ತೆ ಆನ್ ಮಾಡಿದ್ದು ನಾನು.”

“ಕೈ ತಪ್ಪಿ ಆಗಿರುತ್ತೆ, ಬಿಡಿ.”

“ಕೈ ತಪ್ಪಿ ಅಲ್ಲ. ಬೇಕಂತಲೇ.”

ಬಲಗೈ ಕೌಂಟರಿನ ಮೇಲಿಟ್ಟೆ. ಹಿಡಿದುಕೊಳ್ಳಲಿಲ್ಲ. ಅವಳು ಬಹಳ ಹೊತ್ತು ನೋಡಿದಳು. ದಿನಾ ಎಷ್ಟೋ ಕೈ ಹಿಡಿದು ನೋಡುವವಳು.

“ಅದಕ್ಕೂ ಸೆಟ್ಟಿಂಗ್ ಇದೆ. ಒಂದೇ ಕೀ ಕ್ಷಣದೊಳಗೆ ಎರಡು ಸಲ ಬಿದ್ರೆ ಒಂದೇ ಅಂತ ತಗೊಳ್ಳತ್ತೆ. ಆವತ್ತು ಪಕ್ಕದಲ್ಲೇ ಕೂತಿದ್ರಲ್ಲ, ಒಂದು ಮಾತು ಹೇಳಿದ್ರೆ ಆವತ್ತೇ ಮಾಡ್ತಿದ್ದೆ.”

ಅಣ್ಣ ಅನ್ನಲಿಲ್ಲ. ಗ್ಲೌಸ್ ಹಾಕಿಕೊಳ್ಳುತ್ತ ಕೇಳಿದಳು: “ಮೇಡಂಗೆ ನೀವು ಹೇಳ್ತೀರೋ, ನಾನೋ?”

ನಾನೇ ಹೇಳಿದೆ. ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿ. “ಯಾವಾಗಿಂದ ಹೀಗೆ?” ಎಂದರು. ನರದ ಡಾಕ್ಟರಿಗೆ ಚೀಟಿ ಬರೆದರು. ಕೆಲಸದ ಮಾತು ಆಮೇಲೆ ಅಂತೆ. “ಮನೆಯವರನ್ನ ಜೊತೆಗೆ ಕರಕೊಂಡು ಹೋಗಿ.” ಕೊನೆಗೆ: “ಅವಳನ್ನ ಸಾಲಿನ ಎದುರು ಬೈದೆ ನಾನು. ಸರಿಪಡಿಸೋದೂ ಅಲ್ಲೇ ಆಗಬೇಕು.”

ಸಂಜೆ ಸಾಲಿನ ಎದುರು ಮೊದಲು ಅವರು ತಪ್ಪೊಪ್ಪಿಕೊಂಡರು, ಆಮೇಲೆ ನಾನು. ಹಾಳು ಮಾಡಿದ್ದು ಇವಳಲ್ಲ, ನಾನು ಎಂದೆ. ಮೇಷ್ಟ್ರು ಏನೋ ತಮಾಷೆ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ನೆಲ ನೋಡಿದರು. ಸೂಜಿಯಕ್ಕ ಮುಂದಿನವರ ತೋಳಿಗೆ ಪಟ್ಟಿ ಬಿಗಿಯುತ್ತಿದ್ದಳು, ತಲೆ ಎತ್ತಲಿಲ್ಲ.

ಮನೆಯಲ್ಲಿ ಹೇಳಿಲ್ಲ. ಹೆಂಡತಿ ಈಗ ಹಿಂದೆ ಬಂದು ನಿಂತಿದ್ದಾಳೆ. “ಏನ್ರೀ ಇದು, ನಿಮ್ಮ ಅಕ್ಷರ ಇರುವೆ ಹರಿದ ಹಾಗಾಗಿದೆ?”

ಪುಸ್ತಕ ಮುಚ್ಚಲು ಹೋದೆ. ಅವಳು ಪುಟದ ಮೇಲೆ ಬೆರಳಿಟ್ಟಳು. ಕುರ್ಚಿ ಎಳೆದು ಕೂತಿದ್ದಾಳೆ. ಎಲ್ಲಿಂದ ಹೇಳಲಿ — ಮೊದಲ ಸಲ ಕೈಯಿಂದ ಲೋಟ ಜಾರಿದಾಗ ತಪ್ಪು ಬೆಕ್ಕಿನ ಮೇಲೆ ಹಾಕಿದ್ದೆನಲ್ಲ, ಅಲ್ಲಿಂದಲೇ…