ಎರಡು ಡಬ್ಬ, ಒಂದೇ ಹೆಸರು

ಭಾನುವಾರ, ಬೆಳಗಿನ ಕಾಫಿ ಆದ ಮೇಲೆ

ರೀ,

ಸಂಬೋಧನೆಗೆ ಇಷ್ಟು ಸಾಕು ಅನ್ನಿಸಿತು. ಮುಂದೆ ‘ಪ್ರೀತಿಯ’ ಎಂದು ಸೇರಿಸಿದರೆ, ಅದು ಯಾವಾಗಿನಿಂದ ಎಂದು ನೀವು ಕೇಳುತ್ತೀರಿ. ಸೇರಿಸದಿದ್ದರೆ ನಾನು ಸುಳ್ಳು ಬರೆದ ಹಾಗಾಗುತ್ತದೆ. ಇರಲಿ ಬಿಡಿ. ನಾವಿಬ್ಬರೂ ಚೆನ್ನಾಗಿದ್ದೇವೆ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ.

ಫೋನ್ ಕೈಯಲ್ಲಿರುವಾಗ ಕಾಗದ ಯಾಕೆ ಅಂತೀರಾ? ನೀವು ಕಾರ್ಖಾನೆಯ ಕ್ವಾರ್ಟರ್ಸಿಗೆ ಹೋದ ಮೇಲಿನ ನಮ್ಮ ಮೆಸೇಜುಗಳನ್ನೆಲ್ಲ ಮೊನ್ನೆ ಕೂತು ಓದಿದೆ. ಓದುವುದಕ್ಕೆ ಏನಿದೆ, ಮಣ್ಣು. ಮನೆಯ ಇಂಟರ್ನೆಟ್ ನಿಮ್ಮ ಹೆಸರಿನಲ್ಲಿರುವುದರಿಂದ ಏನು ಮಾಡಬೇಕಾದರೂ ಒಟಿಪಿ ನಿಮ್ಮ ಫೋನಿಗೇ ಬರುತ್ತದೆ. ‘ಬಂತಾ?’ ಎಂದು ನಾನು, ಬರೀ ಅಂಕಿ ನೀವು. ಹೀಗೆ ಅಂಕಿಯಲ್ಲೇ ಸಂಸಾರ ಮಾಡಿದ ಗಂಡ ಹೆಂಡತಿ ಬೇರೆ ಯಾರೂ ಇರಲಾರರು. ಅದರಲ್ಲೂ ನೀವು ಅಂಕಿ ಹಿಂದುಮುಂದು ತಿರುಗಿಸುವುದರಲ್ಲಿ ಹೆಸರುವಾಸಿ. ಮದುವೆಗೆ ಮುಂಚೆ ನಮ್ಮ ಮನೆಗೆ ಮೊದಲ ಸಲ ಬಂದಾಗ ಬಾಗಿಲ ನಂಬರು ತಿರುಗಿಸಿ ಓದಿಕೊಂಡು, ಅದೇ ಬೀದಿಯ ಹಲ್ಲಿನ ಡಾಕ್ಟರ ಹತ್ತಿರ ಸರದಿ ಕಾದು ಕೂತಿದ್ದವರಲ್ಲವೇ? ನಮ್ಮಪ್ಪ ಹುಡುಕಿಕೊಂಡು ಬರದೇ ಇದ್ದಿದ್ದರೆ ಒಂದು ಹಲ್ಲು ಹೋಗುತ್ತಿತ್ತು.

ನಿಮಗೆ ಧನ್ಯವಾದ ಹೇಳಬೇಕಿತ್ತು. ಅದಕ್ಕೆ ಅಂಕಿ ಸಾಲುವುದಿಲ್ಲ, ಅದಕ್ಕೇ ಈ ಕಾಗದ.

ನಮ್ಮ ಹಳೆಯ ರೂಟರ್ ನಿಮಗೆ ಗೊತ್ತಲ್ಲ. ಅತ್ತೆಯ ಬಾಯಲ್ಲಿ ಅದು ಮೊದಲ ದಿನದಿಂದಲೂ ‘ರೌಡಿ’. ಕೆಂಪು ದೀಪ ಹತ್ತಿದರೆ ಸಾಕು, ಆ ರೌಡಿ ಮತ್ತೆ ಮುಖ ಕೆಂಪಗೆ ಮಾಡ್ಕೊಂಡು ಕೂತಿದಾನೆ ನೋಡೇ, ಎಂದು ಕೂಗುತ್ತಾರೆ. ನಾನು ಸ್ಟೂಲು ಹತ್ತಿ ವೈರು ಕಿತ್ತು ಸಿಕ್ಕಿಸಿ ಇಳಿಯಬೇಕು. ಇದರಲ್ಲೇ ಹೇಗೋ ಕಾಲ ಹಾಕುತ್ತಿದ್ದೆವು.

ಆದರೆ ನನ್ನ ಕೆಲಸ ಕಾಲ ಹಾಕುವಂಥದ್ದಲ್ಲ. ಡಾಕ್ಟರದ್ದೊಂದು ಭಾಷೆ, ರೋಗಿಯದೊಂದು ಭಾಷೆ, ನಡುವೆ ಪರದೆಯ ಮೇಲೆ ಒಬ್ಬರ ಮಾತು ಇನ್ನೊಬ್ಬರಿಗೆ ದಾಟಿಸುವ ನಾನು. ಊರವರ ಕಾಯಿಲೆಯೆಲ್ಲ ನಿನಗೆ ಕೇಳಿಸುತ್ತೆ, ಪಕ್ಕದಲ್ಲಿ ಕೂತವನ ಮಾತು ಕೇಳಿಸಲ್ಲ ಎಂದು ನೀವು ಜಗಳ ತೆಗೆದದ್ದೂ ಈ ಕೆಲಸಕ್ಕೇ. ಮತ್ತೆ ಕೆದಕುವುದಿಲ್ಲ, ಹೆದರಬೇಡಿ.

ಕಳೆದ ತಿಂಗಳು ಒಬ್ಬ ಹೆಂಗಸು ಪರದೆಗೆ ಬಂದಿದ್ದರು. ಯಾರು, ಎಲ್ಲಿಯವರು ಎಂದು ನಾನು ಹೇಳುವಂತಿಲ್ಲ. ಗಂಟು ಇದೆ, ಆದರೆ ಕೆಟ್ಟ ಗಂಟಲ್ಲ ಎಂದು ಡಾಕ್ಟರು ಹೇಳಿದರು. ನಾನು ಆಕೆಯ ಭಾಷೆಯಲ್ಲಿ ‘ಗಂಟು ಇದೆ’ ಅಂದೆ. ‘ಆದರೆ’ ಅಂದೆ. ಅಷ್ಟಕ್ಕೆ ರೌಡಿ ಮಲಗಿಬಿಟ್ಟ. ಸ್ಟೂಲು ಹತ್ತಿ ಇಳಿದು ಮತ್ತೆ ಪರದೆಗೆ ಬರುವ ಹೊತ್ತಿಗೆ ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಡಾಕ್ಟರು ಕೈ ಹಿಡಿದು ಏನೇನೋ ಹೇಳುತ್ತಿದ್ದರು, ಆಕೆಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಮಿಕ್ಕ ಅರ್ಧ ಮಾತು ಹೇಳಿದೆ. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಿದೀಯ ತಾಯಿ, ಅಂದರು. ನಂಬಿಸುವುದರೊಳಗೆ ನನಗೂ ಅಳು ಬಂತು. ಇನ್ನೊಂದು ಸಲ ಹೀಗೆ ಸಂಪರ್ಕ ಕಡಿದುಹೋದರೆ ನಿಮಗೆ ಕರೆ ಕಳಿಸುವುದಿಲ್ಲ ಎಂದು ನಮ್ಮ ಮೇಲ್ವಿಚಾರಕಿ ಹೇಳಿಬಿಟ್ಟರು. ಅವರ ತಪ್ಪೇನೂ ಇಲ್ಲ.

ಮಾರನೆಯ ದಿನವೇ ಅಂಗಡಿಗೆ ಹೋದೆ. ಅತ್ತೆ ಜೊತೆಗೆ ಬರದೆ ಬಿಡುತ್ತಾರೆಯೇ? ಅಂಗಡಿಯವನು ಎಂಟು ಕೊಂಬಿನ ಕರಿಯ ರೂಟರ್ ತೆಗೆದು ಮೇಜಿನ ಮೇಲಿಟ್ಟು, ಮೇಡಂ, ಇದು ಮೂರು ಮಹಡಿ ದಾಟುತ್ತೆ ಅಂದ. ನಮಗೆ ಮಹಡಿಯೇ ಇಲ್ಲವಲ್ಲಪ್ಪ ಎಂದರು ಅತ್ತೆ. ಆಮೇಲೆ ಅದನ್ನು ಒಂದು ಸುತ್ತು ನೋಡಿ, ಸತ್ತು ಬಿದ್ದ ಜಿರಳೆ ಥರ ಇದೆ ಅಂದರು. ಅವನ ಮುಖ ನೋಡಬೇಕಿತ್ತು. ನನಗೋ ಕೆಲಸ ಹೋಗುವ ಭಯ. ಕೊಂಬು ಹೆಚ್ಚಿದ್ದಷ್ಟೂ ಒಳ್ಳೆಯದು ಎಂದುಕೊಂಡು ಅದನ್ನೇ ಕಟ್ಟಿಕೊಡಲು ಹೇಳಿದೆ. ಸಂಪರ್ಕದ ವೇಗ ಹೆಚ್ಚಿಸಲು ಒಟಿಪಿ ಬೇಕಾಗಿತ್ತು. ‘ಹೊಸ ರೂಟರ್ ತಗೋತಿದೀನಿ, ಬಂತಾ?’ ಎಂದು ನಿಮಗೆ ಕಳಿಸಿದೆ. ಅಂಕಿ ಬಂತು, ಎಂದಿನಂತೆ ತಿರುಗಿಸಿದ್ದು. ಎರಡನೆಯ ಸಲ ಸರಿಯಾಗಿ ಬಂತು. ಅದರ ಕೆಳಗೆ ಅಕ್ಷರಗಳಿದ್ದವು.

ಕೊಂಬು ನೋಡಿ ಮರುಳಾಗಬೇಡ ಎಂದಿತ್ತು. ನಮ್ಮದು ಉದ್ದನೆಯ ಮನೆ, ನಡುವೆ ದಪ್ಪ ಗೋಡೆ, ಎಷ್ಟು ದೊಡ್ಡದಾದರೂ ಒಂದೇ ಒಂದು ಸಾಲದು, ಚಿಕ್ಕವು ಜೋಡಿ ತಗೋ ಎಂದಿತ್ತು. ಒಂದು ಹಜಾರದಲ್ಲಿ, ಇನ್ನೊಂದು ನೀನು ಕೆಲಸ ಮಾಡುವ ಕೋಣೆಯ ಬಾಗಿಲ ಹತ್ತಿರ. ಎರಡಕ್ಕೂ ಒಂದೇ ವೈಫೈ ಹೆಸರು. ಹಳೇ ಹೆಸರೇ ಇಡು, ಪಾಸ್‌ವರ್ಡೂ ಹಳೇದೇ ಇರಲಿ, ಆಗ ಅಮ್ಮನ ಫೋನಿಗೆ ಏನೂ ಮಾಡಬೇಕಾಗಲ್ಲ.

ಅಂಗಡಿಯಲ್ಲಿ ನಿಂತು ಅದನ್ನು ಎಷ್ಟು ಸಲ ಓದಿದೆನೋ. ಯಾವ ಕೋಣೆಯ ಬಾಗಿಲು ಕಂಡರೆ ನಿಮಗೆ ಆಗುತ್ತಿರಲಿಲ್ಲವೋ ಅದೇ ಬಾಗಿಲ ಹತ್ತಿರ ಇಡು ಎಂದು ಬರೆದಿದ್ದಿರಿ. ಮನೆಯ ಗೋಡೆ ಯಾವುದು ದಪ್ಪ ಎಂಬುದೂ ನಿಮಗೆ ಮರೆತಿಲ್ಲ. ಜಿರಳೆ ಬೇಡ, ಜೋಡಿ ಕೊಡಪ್ಪ ಅಂದೆ. ಅತ್ತೆ ಗೆದ್ದವರ ಹಾಗೆ ಅಂಗಡಿಯವನ ಕಡೆ ನೋಡಿದರು.

ಮನೆಗೆ ಬಂದು ನೀವು ಹೇಳಿದ ಹಾಗೇ ಇಟ್ಟೆ. ಬಿಳಿಯ ಪುಟ್ಟ ಡಬ್ಬಗಳು, ಒಂದು ಕೊಂಬೂ ಇಲ್ಲ. ಹಳೆಯ ಹೆಸರನ್ನೇ ಇಟ್ಟೆ: ‘ವಟವಟ ನಿಲಯ’. ನನ್ನ ಬಾಯಿಯ ಮೇಲೆ ನೀವಿಟ್ಟ ಹೆಸರು. ಎದುರು ಮನೆಯವರು ಅದನ್ನು ಫೋನಿನಲ್ಲಿ ನೋಡಿ ಈಗಲೂ ನಗುತ್ತಾರೆ. ಹೆಸರು ಹಾಕಿದ್ದೇ ತಡ, ಅತ್ತೆಯ ಫೋನು ತಾನಾಗಿಯೇ ಸೇರಿಕೊಂಡಿತು. ಹೊಸಬರು ಒಳ್ಳೆಯ ಮನೆಯಿಂದ ಬಂದವರ ಥರ ಇದಾರೆ, ಅಂದರು. ಆಮೇಲೆ ಮೆತ್ತಗೆ, ಇದನ್ನ ಆರಿಸಿದ್ದು ಅವನೇನಾ ಎಂದು ಕೇಳಿ ಒಳಗೆ ಹೋದರು.

ಮೊನ್ನೆ ಹಜಾರದಲ್ಲಿ ತರಕಾರಿ ಹೆಚ್ಚುತ್ತಿದ್ದಾಗ ಒಂದು ಕರೆ ಬಂತು. ಮಾತಾಡುತ್ತಲೇ ಕೋಣೆಗೆ ನಡೆದೆ. ಆ ದಪ್ಪ ಗೋಡೆ ದಾಟುವಾಗ ಉಸಿರು ಬಿಗಿ ಹಿಡಿದಿದ್ದೆ. ಕರೆ ಕಡಿದುಹೋಗಲಿಲ್ಲ. ಒಬ್ಬ ಮುದುಕರಿಗೆ, ಎಕ್ಸ್‌ರೇಯಲ್ಲಿ ನೆರಳು ಕಾಣಿಸ್ತಿದೆ, ಆದರೆ ಅದು ಹಳೇ ಗಾಯದ ಕಲೆ, ಭಯ ಬೇಡ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಹೇಳಿದೆ. ಅವರು ಪರದೆಗೆ ಕೈ ಮುಗಿದರು. ಆ ನಮಸ್ಕಾರದಲ್ಲಿ ಅರ್ಧ ನಿಮ್ಮದು, ಇಲ್ಲಿಂದ ಕಳಿಸುತ್ತಿದ್ದೇನೆ, ತಗೊಳ್ಳಿ. ನನ್ನ ಕೆಲಸ ಉಳಿಯಿತು. ನಿಮ್ಮಿಂದ ಉಳಿಯಿತು.

ಅವತ್ತಿನಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ನೀವು ಹೊರಟ ದಿನ ಪೆಟ್ಟಿಗೆ ಹಿಡಿದು ಹೊಸಿಲ ಮೇಲೆ ನಿಂತು, ‘ಹೋಗ್ತೀನಿ’ ಅಂದಿರಿ. ‘ಆದರೆ’ ಅಂದಿರಿ. ಅಷ್ಟರಲ್ಲಿ ಟ್ಯಾಕ್ಸಿಯವನು ಹಾರ್ನ್ ಮೇಲೆ ಹಾರ್ನ್ ಹೊಡೆದ, ನೀವು ಇಳಿದು ಹೋದಿರಿ. ನಾನು ಮೊದಲರ್ಧವನ್ನೇ ಹಿಡಿದುಕೊಂಡು ಇಷ್ಟು ದಿನ ಅಳುತ್ತಿದ್ದೆ. ಉಳಿದರ್ಧ ಏನಿತ್ತು ಎಂದು ಕೇಳಬೇಕೆಂದು ಈಗ ತಿಳಿಯಿತು.

ಊಟ ಹೊತ್ತಿಗೆ ಸರಿಯಾಗಿ ಮಾಡಿ.

ಇಂತಿ,
ಎರಡೂ ಡಬ್ಬದ ಮೇಲಿರುವ ಹೆಸರಿನವಳು,
ವಟವಟ

ಮರೆತಿದ್ದೆ: ಸಂಪರ್ಕವನ್ನು ನನ್ನ ಹೆಸರಿಗೇ ಮಾಡಿಸಿಕೊಂಡುಬಿಟ್ಟರೆ ಆಮೇಲೆ ಒಟಿಪಿಗಾಗಿ ಯಾರನ್ನೂ ಕೇಳಬೇಕಾಗಿಲ್ಲ ಎಂದು ಇಂಟರ್ನೆಟ್ ಕಂಪನಿಯವರು ನನಗೆ ಹೇಳಿದ್ದಾರೆ. ಅದಕ್ಕೆ ಕೊನೆಯದಾಗಿ ಒಂದು ಒಟಿಪಿ ನಿಮ್ಮ ಫೋನಿಗೆ ಬರಬೇಕು. ನಾನು ಇನ್ನೂ ಗುಂಡಿ ಒತ್ತಿಲ್ಲ. ಬರುವ ಭಾನುವಾರ ಮನೆಗೆ ಬನ್ನಿ. ನೀವು ಎದುರಿಗೆ ಕೂತ ಮೇಲೆ ಒತ್ತುತ್ತೇನೆ, ಮೆಸೇಜು ಬೇಡ, ಬಾಯಲ್ಲೇ ಹೇಳಿ. ಅಂಕಿ ತಿರುಗಿಸಿ ಹೇಳಿದರೆ ಹೆಸರು ಬದಲಾಗುವುದಿಲ್ಲ, ಇದ್ದ ಹಾಗೇ ನಿಮ್ಮದೇ ಇರುತ್ತದೆ. ನಿಜ ಹೇಳಲೇ? ತಿರುಗಿಸಿಯೇ ಹೇಳಿ.